ಡಬ್ಬಿಯ ಮೇಲಿನ ಕಿಟಕಿ

ಲಿಬ್ಬಿ ಕೊಲಾರ್‌ಗೂ ನಮ್ಮ ಚಿನ್ನದ ಗಣಿಯ ಕೋಲಾರಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅವಳ ಗಂಡನ ಮನೆಯವರು ಝೆಕ್ ಸೀಮೆಯಿಂದ ಬಂದು ಶಿಕಾಗೋ ಪಕ್ಕದ ಸಿಸೆರೋದಲ್ಲಿ ಬೇರು ಬಿಟ್ಟವರು. ಅವರ ಭಾಷೆಯಲ್ಲಿ ಕೊಲಾರ್ ಎಂದರೆ ಗಾಡಿಯ ಚಕ್ರ ಮಾಡುವವನು. ಆ ಹೆಸರನ್ನಾದರೂ ಯಾರು ಬಳಸುತ್ತಿದ್ದರು? ರಾಕೆಟ್ಟು, ಮಂಗಳಗ್ರಹ, ಬೆಂಕಿಯುಗುಳುವ ಡ್ರ್ಯಾಗನ್ ಎಂದರೆ ಊಟ ಬಿಟ್ಟು ಓಡಿಬರುವ ಚಿತ್ರಸಂಗ್ರಹದ ಮಂದಿ ಶಿಕಾಗೋದಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದರು. ಅವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಡಬ್ಬಿ ಲಿಬ್ಬಿ ಎಂದು. ಬೆನ್ನ ಹಿಂದೆ ಅಲ್ಲ, ಮುಖಕ್ಕೇ. ಅವಳೂ ನಕ್ಕು ಸುಮ್ಮನಾಗುತ್ತಿದ್ದಳು.

ಅವಳ ಮನೆಗೆ ಮೊದಲ ಸಲ ಬಂದವರು ಬಾಗಿಲಲ್ಲೇ ಒಂದು ಗಳಿಗೆ ನಿಂತುಬಿಡುತ್ತಿದ್ದರು. ಹಜಾರದ ಗೋಡೆಯ ಮೇಲೆ ಶುಕ್ರಗ್ರಹದ ಹಸಿರು ಪ್ರಾಣಿಯೊಂದು ಎಂಟು ಕೈಗಳಲ್ಲಿ ಎಂಟು ಬಟಾಣಿ ಡಬ್ಬಿ ಹಿಡಿದು ನಿಂತಿತ್ತು. ಅದರ ಪಕ್ಕದಲ್ಲಿ ಮಂಗಳದ ರಾಣಿ, ಮೈಮೇಲೆ ಬಟ್ಟೆ ಅಷ್ಟಕ್ಕಷ್ಟೆ, ಕೈಯಲ್ಲಿ ಬೂಟು ಪಾಲಿಶ್. ಊಟದ ಮೇಜಿನ ಮೇಲುಗಡೆ ಒಂದು ಡ್ರ್ಯಾಗನ್ ರಾಜಕುಮಾರಿಯನ್ನು ಅತ್ತ ಬಿಟ್ಟು, ಒಲೆ ಉಜ್ಜುವ ಪುಡಿಯ ಡಬ್ಬಿಯನ್ನು ಕಾವಲು ಕಾಯುತ್ತಿತ್ತು. ಎಲ್ಲವೂ ಐವತ್ತರ ದಶಕದಲ್ಲಿ ಪತ್ರಿಕೆಗಳ ಜಾಹೀರಾತಿಗೆಂದು ಕೈಯಲ್ಲಿ ಬರೆದ ಅಸಲಿ ಚಿತ್ರಗಳು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುವ ವಿಧವೆಗೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳಿಗೆ ಇದೆಂಥ ಹುಚ್ಚು ಎಂದು ಪಕ್ಕದ ಮನೆಯ ಬೆನೆಶ್ ಅಮ್ಮ ಆಡಿಕೊಳ್ಳುತ್ತಿದ್ದಳು.

"ಆ ಅರೆಬತ್ತಲೆ ರಾಣೀನ ಒಳಗಿನ ಕೋಣೇಲಾದ್ರೂ ಹಾಕ್ಬಾರ್ದೇನೇ? ಪಾದ್ರಿ ಬಂದ್ರೆ ಎಲ್ಲಿ ನೋಡ್ಬೇಕು ಪಾಪ?"

"ಪಾಲಿಶ್ ನೋಡ್ಲಿ. ನಾನೂ ಅದನ್ನೇ ನೋಡೋದು" ಎನ್ನುತ್ತಿದ್ದಳು ಲಿಬ್ಬಿ.

ಅದು ತಮಾಷೆಯ ಮಾತಲ್ಲ. ರಾಕೆಟ್ಟೂ ರಾಕ್ಷಸರೂ ಅವಳಿಗೆ ಲೆಕ್ಕಕ್ಕಿರಲಿಲ್ಲ. ಅವಳು ಕೂಡಿಸುತ್ತಿದ್ದದ್ದು ಡಬ್ಬಿಗಳನ್ನು. ಆ ಡಬ್ಬಿಗಳನ್ನು ಬರೆದವನು ಅವಳ ಗಂಡ ಎಮಿಲ್.

ಜಾಹೀರಾತಿನ ಚಿತ್ರವನ್ನು ಮೇಲಿನಿಂದ ಕೆಳಗಿನವರೆಗೂ ಒಬ್ಬನೇ ಬರೆಯುತ್ತಾನೆಂದು ಹೊರಗಿನವರು ತಿಳಿದಿರುತ್ತಾರೆ. ಹಾಗೇನಿಲ್ಲ. ಚಂದ್ರ, ಆಕಾಶ, ಮನುಷ್ಯರು, ಮೃಗಗಳು ದೊಡ್ಡ ಕಲಾವಿದನ ಪಾಲು. ಅವನು ಒಂದು ಕೈಯನ್ನು ಖಾಲಿ ಬಿಟ್ಟು, ಏನೋ ಹಿಡಿದಂತೆ ಬೆರಳು ಬಾಗಿಸಿ, ಚಿತ್ರ ಬರೆದ ದಪ್ಪ ಬೋರ್ಡನ್ನು ಜಾಹೀರಾತು ಕಂಪನಿಗೆ ಕಳಿಸುತ್ತಾನೆ. ಆ ಖಾಲಿ ಕೈಗೆ ಮಾಲು ತುಂಬುವುದು ಕಂಪನಿಯೊಳಗೆ ಸಂಬಳಕ್ಕೆ ಕೂತವನ ಕೆಲಸ. ಮಾಲಿನ ಯಜಮಾನನಿಗೆ ಅಂಗಡಿಯ ಡಬ್ಬಿಯೇ ಚಿತ್ರದಲ್ಲೂ ಕಾಣಬೇಕು, ಅಕ್ಷರ ಕೂದಲೆಳೆಯಷ್ಟೂ ಆಚೀಚೆ ಆಗಕೂಡದು. ಮಿಷಿಗನ್ ಅವೆನ್ಯೂ ಹತ್ತಿರದ ಒಂದು ಕಂಪನಿಯಲ್ಲಿ ಆ ಕೆಲಸಕ್ಕಿದ್ದವನು ಎಮಿಲ್ ಕೊಲಾರ್. ಆ ಚಿತ್ರಗಳಿಗೆ ದೊಡ್ಡ ಕಲಾವಿದನೇ ಹೆಸರು ಹಾಕುವಂತಿರಲಿಲ್ಲ. ಎಮಿಲನ ಹೆಸರನ್ನು ಇನ್ನು ಕೇಳುವವರು ಯಾರು?

ಸಂಜೆ ಮನೆಗೆ ಬಂದು ಟೋಪಿ ತೆಗೆಯುವ ಮುಂಚೆಯೇ ಅವನ ದೂರು ಶುರುವಾಗುತ್ತಿತ್ತು, ಹೆಚ್ಚಾಗಿ ಆರ್ವಿಡ್ ನೀಬರ್ಗ್ ಎಂಬ ದೊಡ್ಡ ಕಲಾವಿದನ ಮೇಲೆ.

"ಆ ಆರ್ವಿಡ್‌ಗೆ ಏನ್ ಬಂದಿದೆ ಅಂತೀನಿ! ಪ್ರಾಣಿಗೆ ಎರಡು ಕೈ ಸಾಲಲ್ವಾ? ಎಂಟು ಬರ್ದು ಕಳಿಸಿದಾನೆ. ಎಂಟು ಸಲ ಬಟಾಣಿ ಬಟಾಣಿ ಅಂತ ಬರ್ದು ಕನಸಲ್ಲೂ ಬಟಾಣಿ ಉರುಳ್ತಾ ಇದೆ."

"ಜರಿಹುಳ ಬರ್ದು ಕಳಿಸಲಿಲ್ವಲ್ಲ, ಪುಣ್ಯ ಅಂದ್ಕೋ. ಬಾ, ಉಣ್ಣು."

"ಇವತ್ತೇನು?"

"ಬಟಾಣಿ."

ಇಬ್ಬರೂ ನಕ್ಕು ನಕ್ಕು ಊಟ ಆರಿಹೋಗುತ್ತಿತ್ತು. ಮಕ್ಕಳಿರಲಿಲ್ಲ. ಆ ಸಣ್ಣ ಮನೆಯಲ್ಲಿ ಅವರಿಗೆ ಅವರೇ.

ತಗಡಿನ ಡಬ್ಬಿ ಹೊಳೆಯುವಂತೆ ಕಾಣಬೇಕಾದರೆ ಅದರ ಮೈಮೇಲೆ ಒಂದು ಕಿಟಕಿಯ ಬೆಳಕು ಬಿದ್ದಿರಬೇಕು ಎನ್ನುವುದು ಆ ಕಸುಬಿನ ಹಳೆಯ ಪಾಠ. ನಾಲ್ಕು ಗಾಜಿನ ಪುಟ್ಟ ಬಿಳಿ ಚೌಕ ಬರೆದರೆ ಸಾಕು, ಡಬ್ಬಿ ಮಿರಮಿರ ಮಿಂಚುತ್ತದೆ. ಎಮಿಲ್ ಬರೆಯುತ್ತಿದ್ದದ್ದು ಸಿಸೆರೋದ ತನ್ನ ಅಡುಗೆಮನೆಯ ಕಿಟಕಿಯನ್ನೇ. ಎಡಗಡೆಯ ಕೆಳಗಿನ ಗಾಜಿಗೆ ಅರ್ಧ ಎಳೆದ ಪರದೆ. ಕೈಗೆ ರೂಢಿಯಾಗಿಬಿಟ್ಟಿತ್ತು. ಮಂಗಳದಲ್ಲೂ ಅದೇ ಕಿಟಕಿ, ಶುಕ್ರದಲ್ಲೂ ಅದೇ ಕಿಟಕಿ. ಯಾರ ಕಣ್ಣಿಗೂ ಅದು ಬೀಳಲಿಲ್ಲ.

ಬ್ಲಿಂಕೊ ಹಲ್ಲುಪುಡಿಯ ಚಿತ್ರ ಬಂದಾಗ ಮಾತ್ರ ಸಿಕ್ಕಿಬಿದ್ದ. ಗಗನಯಾತ್ರಿಯೊಬ್ಬ ಚಂದ್ರನ ಮೇಲೆ ನಿಂತು, ಹೆಲ್ಮೆಟ್ಟಿನ ಗಾಜಿನೊಳಗಿಂದ ಹಲ್ಲೆಲ್ಲ ಕಾಣುವಂತೆ ನಗುತ್ತ, ಹಲ್ಲುಪುಡಿಯ ಡಬ್ಬಿಯನ್ನು ಎತ್ತಿ ಹಿಡಿದ ಚಿತ್ರ ಅದು. ಚಂದ್ರನೂ ನಗುವೂ ಅದೇ ಆರ್ವಿಡನದು, ಡಬ್ಬಿ ಎಮಿಲನದು. ಕಂಪನಿಯ ಮೇಲಿನವನೊಬ್ಬ ಅದನ್ನು ನೋಡಿ ಸಿಡುಕಿದ.

"ಚಂದ್ರನ ಮೇಲೆ ಕಿಟಕಿ ಎಲ್ಲಿಂದ ಬಂತಯ್ಯಾ? ಕಣ್ಣು ಹಾಯೋವರೆಗೂ ಬರೀ ಕಲ್ಲು ಅಲ್ಲಿ!"

"ಹಲ್ಲುಪುಡಿ ಎಲ್ಲಿಂದ ಬಂತೋ ಅಲ್ಲಿಂದಲೇ ಬಂತು ಸಾರ್."

ಕಿಟಕಿ ಉಳಿಯಿತು. ಆ ಸಂಜೆ ಎಮಿಲ್ ಹೆಂಡತಿಯ ಕಿವಿಯ ಹತ್ತಿರ ಬಂದು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಪಿಸುಗುಟ್ಟಿದ.

"ಅವ್ನು ಬೈದ ಸಿಟ್ಟಿಗೆ ಇನ್ನೊಂದು ಕಿತಾಪತಿ ಮಾಡಿದೀನಿ ಕಣೇ. ಆ ಕಿಟಕೀಲಿ ನಿನ್ನ ನಿಲ್ಲಿಸಿದೀನಿ. ಹಳದಿ ಏಪ್ರನ್ನು. ಸಾಸಿವೆ ಕಾಳಷ್ಟೂ ಇಲ್ಲ. ಭೂತಗನ್ನಡಿ ಹಿಡಿದ್ರೆ ಮಾತ್ರ ಕಾಣ್ತೀಯ."

"ಚಂದ್ರನ ಮೇಲೆ ನಾನೇನು ಮಾಡ್ಲಿ?"

"ಏನ್ ಮಾಡ್ತೀಯ, ಪಾತ್ರೆ ತೊಳಿ."

ಪತ್ರಿಕೆಯಲ್ಲಿ ಅಚ್ಚಾಗಿ ಬಂದಾಗ ಲಿಬ್ಬಿ ಭೂತಗನ್ನಡಿ ಹಿಡಿದು ನೋಡಿದಳು. ಅಚ್ಚಿನ ಚುಕ್ಕಿಗಳ ನಡುವೆ ಆ ಹಳದಿ ಎಲ್ಲೋ ಕಳೆದುಹೋಗಿತ್ತು. ಅವಳು ಇದ್ದದ್ದು ಅಸಲಿ ಚಿತ್ರದಲ್ಲಿ ಮಾತ್ರ, ಮತ್ತು ಅದು ಕಂಪನಿಯ ಉಗ್ರಾಣದಲ್ಲಿ ಎಲ್ಲೋ ಇತ್ತು.

ಮರುಚಳಿಗಾಲದಲ್ಲಿ ಎಮಿಲ್ ಕೆಲಸದಿಂದ ಬರುವಾಗ ರೈಲಿನಲ್ಲೇ ಎದೆ ಹಿಡಿದುಕೊಂಡು ಕುಸಿದ. ನಲವತ್ತು ತುಂಬಿರಲಿಲ್ಲ. ಅವನ ಕುಂಚಗಳನ್ನು ತರಲು ಲಿಬ್ಬಿ ಕಂಪನಿಗೆ ಹೋದಾಗ ಹಿಂಬಾಗಿಲ ಬಳಿ ಬೋರ್ಡುಗಳ ರಾಶಿ ಬಿದ್ದಿತ್ತು. ಮೇಲುಗಡೆ ಎಂಟು ಕೈಯ ಹಸಿರು ಪ್ರಾಣಿ.

"ಇವನ್ನ ಏನ್ ಮಾಡ್ತೀರಿ?" ಎಂದು ಅಲ್ಲಿದ್ದ ಜವಾನನನ್ನು ಕೇಳಿದಳು.

"ಅಚ್ಚಾಯ್ತಲ್ಲಮ್ಮ, ಇನ್ನೇನ್ ಮಾಡೋದು? ಕಸದ ಲಾರಿ ಬರತ್ತೆ, ಹೋಗತ್ತೆ."

ಆ ಪ್ರಾಣಿಯನ್ನು ತನ್ನ ಕೋಟಿನಲ್ಲಿ ಸುತ್ತಿ, ತಾನು ಚಳಿಯಲ್ಲಿ ನಡುಗುತ್ತ, ರೈಲಿನಲ್ಲಿ ಮನೆಗೆ ತಂದಳು. ರಾಶಿಯಲ್ಲಿ ಬ್ಲಿಂಕೊ ಇರಲಿಲ್ಲ. ಅದು ಆಗಲೇ ಯಾರದೋ ಪಾಲಾಗಿತ್ತೋ, ಲಾರಿ ಸೇರಿತ್ತೋ ಯಾರೂ ಹೇಳಲಿಲ್ಲ.

ಅಲ್ಲಿಂದ ಶುರುವಾಯಿತು ಅವಳ ಹುಡುಕಾಟ. ಕಂಪನಿ ಬಿಟ್ಟವರ ಮನೆ, ಸತ್ತವರ ಹೆಂಡಿರ ಗ್ಯಾರೇಜು, ಅಂಗಳದಲ್ಲಿ ಹಳೆ ಸಾಮಾನು ಹರಡಿಕೊಂಡು ಕೂತವರ ಮುಂದೆಲ್ಲ ಲಿಬ್ಬಿ ಹಾಜರು. ಚಿತ್ರದ ಮೇಲೆ ಹೆಸರಿಲ್ಲ, ಹಿಂದೆಯೂ ಹೆಸರಿಲ್ಲ. ಅವಳಿಗೆ ಬೇಕೂ ಇರಲಿಲ್ಲ. ಕೈಚೀಲದಿಂದ ಭೂತಗನ್ನಡಿ ತೆಗೆದು ಡಬ್ಬಿಯ ಹೊಳಪನ್ನು ನೋಡುವಳು. ಅರ್ಧ ಪರದೆ ಎಳೆದ ಕಿಟಕಿ ಕಂಡರೆ ಎಮಿಲ್. ಕಾಣದಿದ್ದರೆ ನಮಸ್ಕಾರ ಹೇಳಿ ಹೊರಟುಬಿಡುವಳು. ಹೀಗೆ ಕಾಲ ಕಳೆದು, ತಲೆ ನರೆತು, ಗೋಡೆ ತುಂಬಿತು. ಬ್ಲಿಂಕೊ ಸಿಗಲಿಲ್ಲ.

ಕೊನೆಗೆ ಅದು ಸಿಕ್ಕಿದ್ದು ಆರ್ವಿಡ್ ನೀಬರ್ಗ್‌ನ ಗ್ಯಾರೇಜಿನಲ್ಲಿ. ಕಂಪನಿಯ ಹಳಬರೊಬ್ಬರು ಹೇಳುವವರೆಗೂ ಅವನು ಬದುಕಿದ್ದಾನೆಂದೇ ಅವಳಿಗೆ ಗೊತ್ತಿರಲಿಲ್ಲ. ಶಿಕಾಗೋದ ಉತ್ತರಕ್ಕೆ, ಸ್ವೀಡನ್ನಿನವರೇ ತುಂಬಿದ್ದ ಬೀದಿಯಲ್ಲಿ, ಹೆಂಡತಿ ಸತ್ತು ಒಂಟಿಯಾಗಿದ್ದ. ಎತ್ತರದ ಆಳು, ಮಾತು ಒರಟು, ಕೈ ಇನ್ನೂ ನಡುಗದು. ಹಳೆ ಬೋರ್ಡುಗಳ ನಡುವೆ ಆ ನಗುವ ಗಗನಯಾತ್ರಿಯನ್ನು ಕಂಡು ಲಿಬ್ಬಿ ಕೈಚೀಲಕ್ಕೆ ಕೈ ಹಾಕಿದಳು. ಭೂತಗನ್ನಡಿ ಹಿಡಿದಳು. ಕಿಟಕಿ ಇತ್ತು. ಕಿಟಕಿಯೊಳಗೆ ಹಳದಿ ಇತ್ತು. ಆ ಚುಕ್ಕೆಗೆ ಒಂದು ತಲೆಯೂ ಇತ್ತು, ಸ್ವಲ್ಪ ಬಾಗಿದ ತಲೆ, ಪಾತ್ರೆ ತೊಳೆಯುವವಳ ತಲೆ. ಲಿಬ್ಬಿ ಅಲ್ಲೇ ಬಣ್ಣದ ಡಬ್ಬಗಳ ಮಧ್ಯೆ ಕೂತು ಗೊಳೋ ಎಂದು ಅತ್ತಳು.

ಆರ್ವಿಡ್ ಗಾಬರಿಯಾಗಿ ತಾನೂ ಬಗ್ಗಿ ನೋಡಿದ. ನೋಡಿ ದೊಡ್ಡದಾಗಿ ನಕ್ಕ. "ಕಳ್ಳ ನನ್ ಮಗ! ನನ್ನ ಚಂದ್ರನ ಮೇಲೆ ಸಂಸಾರ ಹೂಡಿಬಿಟ್ಟಿದಾನಲ್ಲ! ನನಗೆ ಗೊತ್ತೇ ಆಗಲಿಲ್ಲ ನೋಡು." ಆಮೇಲೆ ಬೋರ್ಡಿನ ಧೂಳನ್ನು ತನ್ನ ಅಂಗಿಯ ತೋಳಿನಿಂದ ಒರೆಸಿ ಅವಳ ಕೈಗಿಟ್ಟ. "ತಗೊಂಡ್ ಹೋಗಮ್ಮ. ಇದು ನಿನಗೆ ಸೇರಿದ್ದು."

ಅವತ್ತಿನಿಂದ ಲಿಬ್ಬಿಗೆ ಅವನು ತಂದೆಯ ಸಮಾನ. ಭಾನುವಾರ ಚರ್ಚು ಮುಗಿಸಿ ಹಂದಿಮಾಂಸ, ಹಬೆಯಲ್ಲಿ ಬೇಯಿಸಿದ ಹಿಟ್ಟಿನ ಕಡುಬು, ಹುಳಿ ಎಲೆಕೋಸು ಕಟ್ಟಿಕೊಂಡು ಎರಡು ರೈಲು ಬದಲಾಯಿಸಿ ಅವನ ಮನೆಗೆ ಹೋಗುವಳು. ಅವನು ಉಣ್ಣುತ್ತ ಎಮಿಲನ ಕತೆ ಹೇಳುವನು, ತನ್ನ ಹೊಟ್ಟೆಯುರಿಯನ್ನೂ ಹೇಳುವನು. ಅಂತರಿಕ್ಷದ ಕತೆ ಅಚ್ಚುಹಾಕುವ ಪತ್ರಿಕೆಗಳ ಮುಖಪುಟಕ್ಕೆ ಚಿತ್ರ ಬರೆಯಬೇಕೆಂದು ಪ್ರಾಯದಲ್ಲಿ ನ್ಯೂಯಾರ್ಕಿಗೆ ಹೋಗಿದ್ದನಂತೆ. ನೀನು ಸಾಬೂನಿನವನು ಎಂದು ಸಂಪಾದಕರು ಬಾಗಿಲಿನಿಂದಲೇ ಕಳಿಸಿದ್ದರಂತೆ. ಆ ಮಾತು ಬಂದಾಗಲೆಲ್ಲ ಅವನು ತಟ್ಟೆಯನ್ನು ದೂರ ತಳ್ಳುತ್ತಿದ್ದ.

"ಊಟದ ಮೇಲೆ ಯಾಕೆ ಕೋಪ? ತಿನ್ನಿ ಸುಮ್ನೆ" ಎಂದು ಲಿಬ್ಬಿ ತಟ್ಟೆಯನ್ನು ಮತ್ತೆ ಮುಂದಕ್ಕೆ ಸರಿಸುವಳು.

ಇವನಿಗೊಂದು ಮರ್ಯಾದೆ ಆಗಬೇಕು ಎಂದು ಅವಳಿಗೆ ಹಟ ಹಿಡಿಯಿತು. ಸಂಘಕ್ಕೆ ಸೇರಿದ್ದೇ ಅದಕ್ಕೆ. ಸಂಘದ ಮುಖಂಡ ಮೆಲ್ ಪ್ರೂಯಿಟ್, ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುವವನು. ಸಭೆ ನಡೆಯುತ್ತಿದ್ದದ್ದು ಅವನ ಮನೆಯ ನೆಲಮಾಳಿಗೆಯಲ್ಲಿ. ಆ ಮಂದಿಯ ಪಂಕ್ತಿಯಲ್ಲಿ ಮೊದಲ ಎಲೆ ಪತ್ರಿಕೆಯ ಮುಖಪುಟದ ಚಿತ್ರಕ್ಕೆ, ಆಮೇಲಿನದು ಪುಸ್ತಕದ ಹೊದಿಕೆಗೆ. ಜಾಹೀರಾತಿನ ಚಿತ್ರಕ್ಕೆ ಜಗಲಿಯ ಮೇಲೂ ಜಾಗವಿರಲಿಲ್ಲ.

"ಮುಖಪುಟ ಒಂದಾದ್ರೂ ಬರ್ದಿದಾರಾ ನಿಮ್ಮ ಆರ್ವಿಡ್?" ಎನ್ನುವನು ಮೆಲ್.

"ಇಲ್ಲ."

"ಮತ್ತೆ? ಸಾಬೂನು ಮಾರಿದೋರನ್ನ ಕರ್ದು ವೇದಿಕೆ ಮೇಲೆ ಕೂರಿಸಕ್ಕಾಗತ್ತಾ?"

"ಸಾಬೂನಿಗೆ ಬರ್ದ ಡ್ರ್ಯಾಗನ್ ಡ್ರ್ಯಾಗನ್ ಅಲ್ವಾ? ಕಚ್ಚಲ್ವಾ ಅದು?"

ಎಲ್ಲರೂ ನಗುವರು. ಲಿಬ್ಬಿ ಬಿಡುವವಳಲ್ಲ. ಗಸಗಸೆ ತುಂಬಿದ ಸಿಹಿ ರೊಟ್ಟಿ ಮಾಡಿ ತಂದು ಹಂಚುವಳು, ತಿನ್ನುವವರ ಬಾಯಿ ತುಂಬಿರುವಾಗ ಆರ್ವಿಡನ ಹೆಸರೆತ್ತುವಳು. ವರ್ಷಗಟ್ಟಲೆ ಹೀಗೆ ನಡೆಯಿತು.

ಒಂದು ವಸಂತದಲ್ಲಿ ಮೆಲ್ ಅವಳ ಮನೆಗೇ ಬಂದ. ಸಂಘದವರು ವರ್ಷಕ್ಕೊಮ್ಮೆ ನಡೆಸುವ ಶಿಕಾಗೋ ಸಮ್ಮೇಳನಕ್ಕೆ ಈ ಸಲ ಆರ್ವಿಡ್ ನೀಬರ್ಗ್ ಮುಖ್ಯ ಅತಿಥಿ ಎಂದ. ಲಿಬ್ಬಿ ಅವನನ್ನು ತಬ್ಬಿಕೊಂಡುಬಿಟ್ಟಳು.

"ಒಪ್ಪಿದ್ರಾ? ಎಲ್ರೂ ಒಪ್ಪಿದ್ರಾ?"

"ಒಪ್ಪಿಸಿದೆ ಕಣಮ್ಮ, ನಿನ್ನ ಕಾಟ ತಡೆಯಕ್ಕಾಗ್ದೆ. ನಿನ್ನ ಬ್ಲಿಂಕೊ ಬೇಕು, ಬಾಗಿಲ ಎದುರಿಗೇ ಹಾಕ್ತೀವಿ. ಸ್ವಲ್ಪ ಹೊಗೆ ಹಿಡಿದಿದೆ. ಆರ್ವಿಡ್ ತಾವೇ ಒರೆಸಿ ಕೊಡ್ತಾರಂತೆ."

"ಡಬ್ಬಿ ಹತ್ರ ಕೈ ಹಾಕ್ಬೇಡಿ ಅಂತ ಹೇಳು."

"ಅವರಿಗೆ ಗೊತ್ತಿಲ್ವಾ?"

ಗೊತ್ತಿತ್ತು. ಅದೇ ನಂಬಿಕೆಯ ಮೇಲೆ ಅವಳು ಚಿತ್ರವನ್ನು ಗೋಡೆಯಿಂದ ಇಳಿಸಿ, ಹಳೆ ಹೊದಿಕೆಯಲ್ಲಿ ಸುತ್ತಿ, ತಾನೇ ಮೆಲ್‌ನ ಕಾರಿನಲ್ಲಿಟ್ಟಳು. ಆಮೇಲಿನ ಭಾನುವಾರಗಳಲ್ಲಿ ಆರ್ವಿಡ್ ಅವಳನ್ನು ಬರಬೇಡ ಎಂದ. ಭಾಷಣ ಬರೆಯುತ್ತಿದ್ದೇನೆ, ಯಾರಾದರೂ ಎದುರಿಗಿದ್ದರೆ ಆಗುವುದಿಲ್ಲ ಎಂದ. ಹಸಿದಿರುತ್ತಾನಲ್ಲ ಎಂದು ಕಡುಬಿನ ಪಾತ್ರೆಯನ್ನು ಬಾಗಿಲ ಬಳಿಯಿಟ್ಟು ಬರುವಳು. ಮುಂದಿನ ವಾರ ಪಾತ್ರೆ ತೊಳೆದು ಹೊರಗಿಟ್ಟಿರುತ್ತಿದ್ದ. ಆ ಕಡುಬು ತಿಂದುಕೊಂಡು ಒಳಗೆ ಕೂತು ಅವನು ಮಾಡುತ್ತಿದ್ದ ಕೆಲಸವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಸಮ್ಮೇಳನದ ದಿನ ಲಿಬ್ಬಿ ಹೊಸ ನೀಲಿ ಉಡುಪು ತೊಟ್ಟು ಹೋಟೆಲಿಗೆ ಹೋದಳು. ದೊಡ್ಡ ಹಾಲಿನ ಬಾಗಿಲ ಎದುರಿಗೇ ಚಿತ್ರ ಇತ್ತು. ಸುತ್ತ ಜನ. ಅವರ ಭುಜಗಳ ಮೇಲಿಂದ ಗಗನಯಾತ್ರಿಯ ನಗು ಕಂಡಿತು. ಮುಂದೆ ಬಂದಳು.

ಕೈಯಲ್ಲಿ ಡಬ್ಬಿ ಇರಲಿಲ್ಲ. ಒಂದು ನೀಲಿ ಕಲ್ಲು ಇತ್ತು, ಒಳಗಿನಿಂದ ಉರಿಯುವಂಥದ್ದು, ಬೆರಳುಗಳ ಮೇಲೆಲ್ಲ ನೀಲಿ ಬೆಳಕು ಚೆಲ್ಲಿತ್ತು. ಕೆಳಗೆ ಚೀಟಿ: ‘ಚಂದ್ರಶಿಲೆ. ಅಚ್ಚಾಗದೆ ಉಳಿದ ಮುಖಪುಟ. ಕಲಾವಿದ: ಆರ್ವಿಡ್ ನೀಬರ್ಗ್.’ ಚಿತ್ರದ ಮೂಲೆಯಲ್ಲಿ, ಯಾವತ್ತೂ ಇಲ್ಲದಿದ್ದ ಸಹಿ ಬಂದು ಕೂತಿತ್ತು.

ಗಡ್ಡ ಬಿಟ್ಟ ಇಬ್ಬರು ಹುಡುಗರು ಪಕ್ಕದಲ್ಲಿ ವಾದಕ್ಕಿಳಿದಿದ್ದರು.

"ಆ ನಗು ನೋಡೋ. ವಿಶ್ವದ ರಹಸ್ಯ ಕಂಡವನ ನಗು ಅದು."

"ಹೋಗೋ! ಹುಚ್ಚು ಹಿಡಿದವನ ನಗು. ಆ ಕಲ್ಲು ತಲೆ ಕೆಡಿಸಿದೆ ಅವನಿಗೆ."

ಅದು ಹಲ್ಲುಜ್ಜಿಕೊಂಡವನ ನಗು, ಅಷ್ಟೇ. ಲಿಬ್ಬಿ ಅವರ ನಡುವೆ ತೂರಿದಳು. ಭೂತಗನ್ನಡಿ ತೆಗೆದು ಕಲ್ಲಿನ ಮೇಲೆ ಹಿಡಿದಳು. ನೀಲಿ, ಬರೀ ನೀಲಿ. ಇನ್ನೂ ಹತ್ತಿರ ಬಗ್ಗಿದಾಗ ಕನ್ನಡಿ ಚಿತ್ರಕ್ಕೆ ತಾಗಿತು. "ಹುಷಾರು ಅಮ್ಮಾ, ಬೆಲೆಬಾಳೋ ಚಿತ್ರ ಅದು" ಎಂದು ಒಬ್ಬ ಹುಡುಗ ಅವಳನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಅವಳ ಚಿತ್ರದಿಂದ ಅವಳನ್ನೇ.

ಮೆಲ್ ಸಿಕ್ಕಿದ್ದು ಕಾಫಿಯ ಮೇಜಿನ ಬಳಿ. ಅವಳನ್ನು ಕಂಡಕೂಡಲೇ ಅವನ ಮುಖ ಸಪ್ಪಗಾಯಿತು.

"ಏನ್ ಮಾಡಿದ್ರೋ ನೀವು?"

"ಮೆತ್ತಗೆ, ಮೆತ್ತಗೆ. ಕೇಳು ಲಿಬ್ಬಿ. ಒಂದಾದ್ರೂ ಮುಖಪುಟ ಇಲ್ದೆ ಕಮಿಟಿಯೋರು ಒಪ್ಪಲ್ಲ ಅಂತ ಪಟ್ಟು ಹಿಡಿದ್ರು. ನಾನೇನ್ ಮಾಡ್ಲಿ? ಅವರೇ ಅಂದ್ರು, ನಾನು ಸರಿಮಾಡ್ತೀನಿ ಅಂತ. ಮೇಲೆ ಬಣ್ಣ ಹಚ್ಚಿದಾರೆ, ಅಷ್ಟೇ. ನಿನ್ನ ಡಬ್ಬಿ ಕೆಳಗೆ ಹಾಗೇ ಇದೆ. ಸಮ್ಮೇಳನ ಮುಗೀಲಿ, ಒರೆಸಿಸಿ ಕೊಡ್ತೀನಿ."

"ನನ್ನ ಒಂದು ಮಾತು ಕೇಳ್ಬಾರ್ದಾ?"

"ಕೇಳಿದ್ರೆ ಕೊಡ್ತಿದ್ಯಾ?"

ಮೆಲ್‌ನ ಮೇಲೆ ಅವಳಿಗೆ ಅಷ್ಟು ನೋವಾಗಲಿಲ್ಲ. ಅವನಿಗೆ ಅದು ಬರೀ ಹಲ್ಲುಪುಡಿ. ಆ ಕಿಟಕಿಯಲ್ಲಿ ಯಾರಿದ್ದಾರೆಂದು ಅವಳು ಸಂಘದಲ್ಲಿ ಬಾಯಿಬಿಟ್ಟಿರಲಿಲ್ಲ, ನಗುತ್ತಾರೆಂದು. ಅದನ್ನು ಕಣ್ಣಾರೆ ಕಂಡವನು ಜಗತ್ತಿನಲ್ಲಿ ಇನ್ನೊಬ್ಬನೇ. ಅವನ ಬಾಯಿಂದ ಕೇಳಬೇಕೆಂದು ಅತಿಥಿಗಳ ಕೋಣೆಗೆ ಹೋದಳು.

ಆರ್ವಿಡ್ ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದ. ಅವನ ಮುಖದಲ್ಲಿ ಅಂಥ ಕಳೆಯನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಬಾ ಮಗು! ನೋಡಿದ್ಯಾ? ಹೇಗಿದೆ ನೀಲಿ?"

"ಡಬ್ಬಿ ಎಲ್ಲಿ ಆರ್ವಿಡ್?"

ಅವನು ಟೈಯಿಂದ ಕೈ ತೆಗೆದ. "ನೋಡು ಲಿಬ್ಬಿ. ಆ ಚಂದ್ರ ನನ್ನದು. ಕೈ ನನ್ನದು. ನಗು ನನ್ನದು. ಡಬ್ಬಿ ಒಂದು ಮಧ್ಯದಲ್ಲಿ ಬಂದು ಕೂತಿತ್ತು. ಜೀವಮಾನ ಪೂರ್ತಿ ಹಾಗೇ ಆಯ್ತು ನಂಗೆ. ಏನ್ ಬರೆದ್ರೂ ಕೊನೇಗೆ ಒಂದು ಡಬ್ಬಿ ಬಂದು ಕೂರ್ತಿತ್ತು. ನಿಂಗೆ ಡಬ್ಬಿ ಇಷ್ಟ. ನಂಗೆ ಯಾವತ್ತೂ ಇಷ್ಟ ಇರ್ಲಿಲ್ಲ."

"ಅದು ಎಮಿಲ್ ಬರೆದದ್ದು."

"ಒಳ್ಳೆ ಹುಡುಗ ಎಮಿಲ್. ಆದ್ರೆ ಡಬ್ಬಿ ಡಬ್ಬೀನೇ."

"ಅದರಲ್ಲಿ ನಾನಿದ್ದೆ. ನೀವು ನೋಡಿದ್ರಿ. ನಾನು ಅಳ್ತಿದ್ರೆ ನೀವು ನಕ್ಕಿದ್ರಿ."

ಅವನು ಅವಳ ಮುಖ ನೋಡಲಿಲ್ಲ. "ಆಮೇಲೆ ಮಾತಾಡೋಣ. ಇವತ್ತೊಂದು ದಿನ ನಂಗೆ ಬಿಡು. ಒಂದೇ ದಿನ ಕೇಳ್ತಿರೋದು."

ಅವನ ಆಸೆ ಸುಳ್ಳೆಂದು ಯಾರೂ ಹೇಳಲಾರರು. ಮೂವತ್ತು ವರ್ಷ ಸಾಬೂನು ಹಲ್ಲುಪುಡಿ ಹಿಡಿದ ಕೈಗಳನ್ನೇ ಬರೆದವನಿಗೆ ಒಂದು ದಿನದ ಹಾರ ಬೇಕೆನಿಸಿದರೆ ತಪ್ಪಲ್ಲ. ಬೇರೆ ಬೋರ್ಡು ತೆಗೆದುಕೊಂಡು ಇನ್ನೊಂದು ಚಂದ್ರನನ್ನು ಬರೆಯಲು ಅವನ ಕೈಗೇನಾಗಿತ್ತು? ಲಿಬ್ಬಿ ಮನಸ್ಸಿನಲ್ಲೇ ಇದನ್ನು ಕೇಳಿಕೊಂಡಳು. ಅಷ್ಟರಲ್ಲಿ ಅವನನ್ನು ಕರೆಯಲು ಜನ ಬಂದರು.

ಹಾಲು ತುಂಬಿತ್ತು. ವೇದಿಕೆಯ ಮೇಲೆ ಆರ್ವಿಡ್, ಬಾಗಿಲಿನಿಂದ ತಂದು ಅವನ ಹಿಂದೆ ನಿಲ್ಲಿಸಿದ ಚಂದ್ರಶಿಲೆ. ಒಂದು ಪತ್ರಿಕೆ ಆ ಮುಖಪುಟವನ್ನು ತನ್ನಿಂದ ಬರೆಸಿಕೊಂಡಿತೆಂದೂ, ಅಚ್ಚಿಗೆ ಹೋಗುವ ಮುಂಚೆ ಪತ್ರಿಕೆಯೇ ನಿಂತುಹೋಯಿತೆಂದೂ ಅವನು ಕತೆ ಕಟ್ಟಿ ಹೇಳಿದ. ಜನ ಅಯ್ಯೋ ಎಂದರು. ಆಮೇಲೆ ಮೆಲ್ ಲಿಬ್ಬಿಯನ್ನು ಮೈಕಿನ ಬಳಿಗೆ ಕರೆದ. ಇಷ್ಟು ವರ್ಷ ಹಿರಿಯರನ್ನು ಮಗಳಂತೆ ನೋಡಿಕೊಂಡವಳು, ಚಿತ್ರವನ್ನು ಕಾಪಾಡಿದವಳು, ಎರಡು ಮಾತಾಡಬೇಕು ಎಂದ. ಅವಳ ಬಾಯಿ ಮುಚ್ಚಿಸಲು ಹೊಗಳಿಕೆಯೇ ಸಾಕೆಂದುಕೊಂಡಿದ್ದನೋ ಏನೋ.

ಲಿಬ್ಬಿ ಮೈಕಿನ ಮುಂದೆ ನಿಂತಳು. ಮಾತು ತಾನಾಗಿಯೇ ಬಂತು.

"ಆ ಕೈಯಲ್ಲಿ ಇದ್ದದ್ದು ಕಲ್ಲಲ್ಲ. ಹಲ್ಲುಪುಡಿ ಡಬ್ಬಿ."

ಹಿಂದುಗಡೆಯಿಂದ ಯಾರೋ "ಡಬ್ಬಿ ಲಿಬ್ಬಿ!" ಎಂದು ಕೂಗಿದರು. ಇಡೀ ಹಾಲು ಹೋ ಎಂದು ನಕ್ಕಿತು. ಅದರಲ್ಲಿ ಕೇಡಿರಲಿಲ್ಲ, ಅವಳು ಜೋಕು ಹೊಡೆದಳೆಂದೇ ಎಲ್ಲರೂ ತಿಳಿದದ್ದು. ಲಿಬ್ಬಿ ಆರ್ವಿಡನ ಕಡೆ ತಿರುಗಿದಳು. ಹೌದು ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟೂ ಬೇಡ, ನಗದೆ ಸುಮ್ಮನೆ ಕೂತಿದ್ದರೂ ಅವಳು ಅವನನ್ನು ಕ್ಷಮಿಸಿಬಿಡುತ್ತಿದ್ದಳು.

ಅವನೂ ನಗುತ್ತಿದ್ದ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಕೈ ಚಾಚಿ ಮೈಕನ್ನು ತನ್ನ ಕಡೆ ಎಳೆದುಕೊಂಡ.

"ನಮ್ಮ ಲಿಬ್ಬೀನ ಚಂದ್ರಲೋಕಕ್ಕೆ ಕರ್ಕೊಂಡ್ ಹೋದ್ರೂ ಅಡುಗೆಮನೆ ಶೆಲ್ಫೇ ಹುಡುಕ್ತಾಳೆ!"

ಮತ್ತೆ ನಗು, ಮತ್ತೆ ಚಪ್ಪಾಳೆ. "ನನ್ನ ಗಂಡ..." ಎಂದು ಲಿಬ್ಬಿ ಶುರುಮಾಡಿದಳು. ಮೈಕು ಅವಳ ಮುಂದಿರಲಿಲ್ಲ. ಎದುರು ಸಾಲಿನವರಿಗೂ ಅದು ಕೇಳಿಸಲಿಲ್ಲ. ಮೆಲ್ ಅವಳ ಮೊಣಕೈ ಹಿಡಿದು, ತುಂಬ ಗೌರವದಿಂದ, ಮೆಟ್ಟಿಲಿಳಿಸಿ ಕೂರಿಸಿದ.

ಸಮ್ಮೇಳನ ಮುಗಿದ ಮೇಲೆ ಅವಳು ಚಿತ್ರವನ್ನು ತಾನೇ ವೇದಿಕೆಯಿಂದ ಇಳಿಸಿಕೊಂಡಳು. ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ರೈಲಿನಲ್ಲಿ ಜನ ಆ ನೀಲಿ ಕಲ್ಲನ್ನು ಬಗ್ಗಿ ಬಗ್ಗಿ ನೋಡಿದರು. ಮನೆಗೆ ಬಂದು ಅದನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದಳು. ಮೆಲ್ ಹೇಳಿದ ಒಂದು ಮಾತನ್ನು ಮಾತ್ರ ಅವಳು ಕೈಬಿಟ್ಟಿರಲಿಲ್ಲ. ಡಬ್ಬಿ ಕೆಳಗೆ ಹಾಗೇ ಇದೆ. ಹಳೆ ಚಿತ್ರಗಳ ಬಣ್ಣ ಬಿಡಿಸುವವರು ಶಿಕಾಗೋದಲ್ಲಿ ಇಲ್ಲದೆ ಇಲ್ಲ. ಜಾಣ ಕೈ ಸಿಕ್ಕರೆ ನೀಲಿ ಹೋಗುತ್ತದೆ, ತಗಡು ಕಾಣುತ್ತದೆ, ತಗಡಿನ ಮೇಲೆ ಕಿಟಕಿ ಕಾಣುತ್ತದೆ. ಬೆನೆಶ್ ಅಮ್ಮನಿಗೂ ಅದನ್ನೇ ಹೇಳಿದಳು. ಆಕೆ ಮೊದಲ ಸಲ ಚಿತ್ರವನ್ನು ನೆಟ್ಟಗೆ ನೋಡಿ, "ಹಾಳಾಗಿ ಹೋಗ್ಲಿ ಆ ಮುದುಕ. ನೀನು ಒಂದು ತುತ್ತು ತಿನ್ನು" ಎಂದಳು.

ಆ ವಾರದ ಮಧ್ಯದಲ್ಲಿ, ಲಿಬ್ಬಿ ಶಾಲೆಯಿಂದ ಬಂದು ಬೂಟು ಬಿಚ್ಚುತ್ತಿರುವಾಗ ಫೋನ್ ಬಂತು.

"ಲಿಬ್ಬಿ, ನಾನು ಕಣಮ್ಮ. ಈ ಭಾನುವಾರ ಬರ್ತೀಯಾ?" ಆರ್ವಿಡನ ದನಿಗೆ ಹತ್ತು ವರ್ಷ ಕಮ್ಮಿಯಾಗಿತ್ತು. "ಕೋಪ ಇಳೀತಾ? ಒಂದು ಸಂತೋಷದ ವಿಷ್ಯ ಇದೆ. ಮುಂದಿನ ಸಲ ಬರೀ ನನ್ನ ಚಿತ್ರಗಳದ್ದೇ ಪ್ರದರ್ಶನ ಇಡ್ತಾರಂತೆ. ನಿನ್ನ ಹತ್ರ ಇರೋವನ್ನೆಲ್ಲ ಒಂದೊಂದಾಗಿ ತಗೊಂಡ್ ಬಾ. ನಿನ್ನ ಮೇಲೆ ಭಾರ ಹಾಕಲ್ಲ, ಎಲ್ಲ ನಾನೇ ಮಾಡ್ತೀನಿ. ಡಬ್ಬಿಗಳನ್ನೆಲ್ಲ ತೆಗೆದುಬಿಡೋಣ. ಆ ಹಸಿರು ಪ್ರಾಣಿಯ ಎಂಟು ಕೈಗೂ ಎಂಟು ಕತ್ತಿ ಕೊಡೋಣ ಅಂತಿದೀನಿ. ಹೇಗಿರತ್ತೆ?"

ಲಿಬ್ಬಿ ಗೋಡೆಗೆ ಒರಗಿದಳು.

"ಆರ್ವಿಡ್, ಆ ನೀಲಿ ಒರೆಸಿದ್ರೆ ಕೆಳಗೆ ಡಬ್ಬಿ ಇರತ್ತಲ್ವಾ?"

"ಎಲ್ಲಿರತ್ತೆ ಮಗು? ಹಳೇ ಬಣ್ಣದ ಮೇಲೆ ಹೊಸದು ಕೂರಲ್ಲ. ಬ್ಲೇಡಲ್ಲಿ ಕೆರೆದು ತೆಗೆದೆ."

"ಕಿಟಕೀನೂ?"

"ಎಲ್ಲಾನೂ."

ಅವಳು ಅಡುಗೆಮನೆಯ ಮೇಜಿನ ಕಡೆ ತಿರುಗಿದಳು. ಅವನು ಹಲೋ ಹಲೋ ಎಂದ.

"ಕೆರೆದದ್ದು ಏನ್ ಮಾಡಿದ್ರಿ?"

"ಕೆರೆದದ್ದಾ? ಏನ್ ಮಾಡ್ತಾರೆ? ಒಂದು ಚಿಟಿಕೆ ಪುಡಿ ಅದು. ಊದಿಬಿಟ್ಟೆ."

ಲಿಬ್ಬಿ ಫೋನ್ ಇಟ್ಟಳು. ಮರುವರ್ಷ ಆರ್ವಿಡ್ ನೀಬರ್ಗ್ ತೀರಿಕೊಂಡಾಗ ಸಂಘದವರೆಲ್ಲ ಸಾಲುಗಟ್ಟಿ ಹೋದರು, ಮೆಲ್ ಅವಳಿಗೆ ಎರಡು ಸಲ ಹೇಳಿಕಳಿಸಿದ. ಅವಳು ಅವನ ಮಣ್ಣಿಗೂ ಹೋಗಲಿಲ್ಲ.